ಗೋಡೆಗೆ ಬೇಕಾದ ಸಹಿ

ಭಾಂಡುಪ್, ಮುಂಬಯಿ
ಜೂನ್ 19, 2025

ಪ್ರೀತಿಯ ದಾನಕ್ಕ,

ನಿನ್ನ ಮೊಣಕಾಲು ಹೇಗಿದೆ? ಧಾರವಾಡದ ಮಳೆಗೆ ನೋವು ಹೆಚ್ಚಾಗಿರಬೇಕು. ಎಣ್ಣೆ ಹಚ್ಚಿಕೋ, ಮೈಗಳ್ಳತನ ಮಾಡಬೇಡ. ಮಾಧುರಿಯ ಮಗಳು ಈಗ ಮನೆತುಂಬ ಓಡುತ್ತಾಳಂತೆ. ಮಗಳ ಬಾಣಂತನಕ್ಕೆ ಮೂರೇ ತಿಂಗಳು ಎಂದು ಹೋದವಳು ನೀನು, ಮೊಮ್ಮಗಳು ಓಡುವ ತನಕ ಅಲ್ಲೇ ಉಳಿದೆ. ಬೈಯುತ್ತಿಲ್ಲ, ನೆನಪಿಸುತ್ತಿದ್ದೇನೆ ಅಷ್ಟೆ. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೀಗೆ ಸುಳ್ಳು ಹೇಳುವುದು ಸುಲಭ, ಅದಕ್ಕೇ ಪೆನ್ನು ಹಿಡಿದೆ.

ಮನೆ ತೆರಿಗೆಯ ಬಿಲ್ಲು ಬಂದಿದೆ. ಹಳೆಯ ಬಾಕಿಯೂ ಸೇರಿ ನನ್ನ ಒಂದು ತಿಂಗಳ ಪಿಂಚಣಿ ಅದಕ್ಕೇ ಸರಿ. ದುಡ್ಡು ಕಳಿಸು ಎನ್ನುತ್ತಿಲ್ಲ. ಐನೂರು ಚದರಡಿಯೊಳಗಿನ ಮನೆಗೆ ಇಲ್ಲಿ ತೆರಿಗೆ ಮಾಫಿ. ನಿನ್ನ ಮನೆ ಬೇರೆ, ನನ್ನ ಮನೆ ಬೇರೆ ಇದ್ದಾಗ ಎರಡೂ ಅಷ್ಟರೊಳಗೇ ಇದ್ದವು. ನಡುವಿನ ಗೋಡೆ ಒಡೆಸಿದವರು ನಾವೇ. ನಾವಿಬ್ಬರೂ ಪಾಠ ಹೇಳುತ್ತಿದ್ದ ಕನ್ನಡ ಶಾಲೆಯ ಮಾಡು ಸೋರಿ, ರಿಪೇರಿಗೆ ಹಣ ಬರುವುದು ತಡವಾದಾಗ ಏಳನೆಯ ತರಗತಿಯನ್ನು ಮನೆಗೇ ಕರೆತಂದೆವಲ್ಲ. "ಏ ಗಂಗಿ, ಗ್ವಾಡಿ ಒಡಿಸೇಬಿಡೂಣು, ಹುಡುಗ್ರು ಕಾಲ್ ಚಾಚಿ ಕುಂದರ್ಲಿ" ಎಂದವಳು ನೀನು. ಮತ್ತೆ ಟೀಚರ್‌ಗಳ ಬುದ್ಧಿ ನೋಡು, ಯಾರೂ ಕೇಳದಿದ್ದರೂ ಎರಡು ಮನೆ ಈಗ ಒಂದೇ ಎಂದು ಕಾಗದದಲ್ಲೂ ಬರೆಸಿ ಬಂದೆವು, ಅಳತೆ ಐನೂರು ದಾಟಿ ಮಾಫಿ ಹೋಯಿತು!

ಬಿಲ್ಲಿನಲ್ಲಿ ಶಿಕ್ಷಣ ಕರ ಎಂದು ಒಂದು ಸಾಲಿದೆ. ಶಾಲೆಗಾಗಿ ಗೋಡೆ ಒಡೆದೆವು, ಈಗ ಗೋಡೆ ಇಲ್ಲವೆಂದು ಶಾಲೆಯ ಕರ ಕಟ್ಟುತ್ತಿದ್ದೇನೆ. ಅದಕ್ಕೆ ಬೇಸರವಿಲ್ಲ, ಯಾವುದೋ ಮಗುವಿನ ಪುಸ್ತಕಕ್ಕೆ ಹೋದೀತು. ಆದರೆ ಈ ವರ್ಷ ನಮ್ಮ ಶಾಲೆಗೆ ಒಂದೂ ಹೆಸರು ಬರಲಿಲ್ಲ, ಬಾಗಿಲಿಗೆ ಬೀಗ ಬಿತ್ತು. ಸಂಜೆ ಐದಾಯಿತೆಂದರೆ, ಮಕ್ಕಳು ಇನ್ನೂ ಪಾಠಕ್ಕೆ ಬರುತ್ತಾರೇನೋ ಎಂಬಂತೆ ಕೈ ತಾನಾಗಿ ಚಾಪೆ ಹಾಸುತ್ತದೆ. ಚಹಾವನ್ನೂ ಎರಡು ಲೋಟ ಮಾಡಿಬಿಡುತ್ತೇನೆ, ಆಮೇಲೆ ಎರಡನ್ನೂ ನಾನೇ ಕುಡಿಯುತ್ತೇನೆ. ಅಕ್ಕ, ಬಹಳ ಒಂಟಿ ಅನ್ನಿಸುತ್ತದೆ.

ಸೊಸೈಟಿಯ ಸೆಕ್ರೆಟರಿ ಹಿತೇಶ್ ಒಳ್ಳೆಯ ಮನುಷ್ಯ. "ದೀವಾರ್ ವಾಪಸ್ ಖಡೀ ಕರ್ ದೋ ಟೀಚರ್, ಟ್ಯಾಕ್ಸ್ ಝೀರೋ" ಎನ್ನುತ್ತಾರೆ. ಸರಿಯಾದ ಮಾತೇ. ಗೋಡೆ ಎದ್ದರೆ ಮತ್ತೆ ಎರಡು ಮನೆ. ನಿನ್ನ ಮಂಚ, ನಿನ್ನ ಕನ್ನಡಿ, ಮಕ್ಕಳ ಕರಿಹಲಗೆ ಎಲ್ಲ ಆ ಕಡೆ ಉಳಿಯುತ್ತವೆ, ನಾನೊಬ್ಬಳು ಈ ಕಡೆ. ನಡುವೆ ಬಾಗಿಲು ಇಡಿಸೋಣವೆಂದರೆ ಹಾಗಾದರೆ ಒಂದೇ ಮನೆ ಎಂದು ಹಿಡಿಯುತ್ತಾರಂತೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಮಾಧುರಿಗೆ ನನ್ನ ಆಶೀರ್ವಾದ, ಪುಟ್ಟಿಗೆ ಒಂದು ಮುತ್ತು, ನಿನ್ನ ಪಾದಕ್ಕೆ ನಮಸ್ಕಾರ.

ನಿನ್ನ ತಂಗಿ,
ಗಂಗೂ

ತಾ.ಕ.: ಅಂಚೆಗೆ ಹೊತ್ತಾಯಿತು. ಗೋಡೆಯ ಅರ್ಜಿ ಇದರೊಳಗಿದೆ. ಇಬ್ಬರ ಸಹಿಯೂ ಬೇಕು, ನಾನಿನ್ನೂ ಹಾಕಿಲ್ಲ. ನೀನು ಇನ್ನು ಇಲ್ಲಿಗೆ ಬಂದು ಇರುವುದೇ ಇಲ್ಲ ಎಂದಾದರೆ ಸಹಿ ಹಾಕು, ನಾನು ಗೋಡೆ ಎಬ್ಬಿಸುತ್ತೇನೆ. ಆದರೆ ಅದನ್ನು ಅಂಚೆಗೆ ಹಾಕಬೇಡ, ನೀನೇ ತಂದು ನನ್ನ ಕೈಗೆ ಕೊಡು.