ಅತ್ತೆಯ ಕೈಗೆ ಪಾಪು

ಅಮ್ಮಾ,

ಇವತ್ತು ಭದ್ರಾವತಿಯ ನಮ್ಮ ಚರ್ಚಿನಲ್ಲಿ ಪಾಪುವಿಗೆ ಜ್ಞಾನಸ್ನಾನ ಆಯಿತು. ಹೆತ್ತ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಮಗುವನ್ನು ಅದರಪ್ಪನ ಕೈಗೆ ಕೊಡುವುದಕ್ಕೂ ನನಗೆ ಭಯ. ಅಂಥವಳು ಇವತ್ತು ಏನು ಮಾಡಿದೆ ಕೇಳು.

ಬಲಿಪೂಜೆಯ ಪ್ರಾರ್ಥನೆಗಳ ನಡುವೆ ಫಾದರ್ "ಒಬ್ಬರಿಗೊಬ್ಬರು ಶಾಂತಿ ಕೋರಿ" ಅಂದರು. ಪಕ್ಕದಲ್ಲಿ ನಮ್ಮಪ್ಪನ ಅಕ್ಕ ಲೂರ್ದು ಅತ್ತೆ ನಿಂತಿದ್ದರು. ನನ್ನ ಬಗ್ಗೆ, ಇವಳಿಗೆ ಮಕ್ಕಳಾಗುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದ ಅದೇ ಅತ್ತೆ. ಅವರಿಗೆ ಕೈ ಮುಗಿದು ಶಾಂತಿ ಕೋರಬೇಕಲ್ಲ ಎಂದೇ ನೀನು ಕೊನೆಯ ಬೆಂಚಿಗೆ ಹೋಗಿ ಕೂರುತ್ತಿದ್ದೆ. ನಿನ್ನ ಕೊನೆಗಾಲದಲ್ಲಿ ಅವರು ನೋಡಲು ಶಿವಮೊಗ್ಗದ ಆಸ್ಪತ್ರೆಗೆ ಬಂದಾಗಲೂ ನೀನು ಗೋಡೆಯ ಕಡೆ ತಿರುಗಿ ಮಲಗಿದೆ.

ತೋಳಲ್ಲಿ ಮಗುವಿದ್ದರೆ ಕೈ ಮುಗಿಯುವುದು ಹೇಗೆ? ನಾನು ಸುಮ್ಮನಿದ್ದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಪಾಪುವನ್ನು ಅತ್ತೆಯ ಕೈಗೇ ಕೊಟ್ಟೆ. ಆಮೇಲೆ ಎರಡೂ ಕೈ ಜೋಡಿಸಿ, "ಶಾಂತಿ ನಿಮ್ಮೊಂದಿಗಿರಲಿ, ಅತ್ತೆ" ಅಂದೆ.

"ಅಯ್ಯೋ ಮಾರಾಯ್ತಿ, ಜಾರಿಬಿಟ್ರೆ ಕಷ್ಟ, ತಗೊಳ್ಳೇ!"

"ಇರ್ಲಿ, ಗಟ್ಟಿಯಾಗಿ ಹಿಡ್ಕೊಳ್ಳಿ. ಇವಳೂ ನಿಮ್ಮ ಹಾಗೇ, ಬಾಯಿ ಜೋರು."

ಅತ್ತೆ ನಗುತ್ತಲೇ ಕಣ್ಣೊರೆಸಿಕೊಳ್ಳಲು ನೋಡಿದರು, ಕೈ ಖಾಲಿ ಇರಲಿಲ್ಲ. ನನ್ನ ಬಗ್ಗೆ ನನಗೆ ಇಷ್ಟು ಹೆಮ್ಮೆ ಡಿಗ್ರಿ ಪಾಸಾದ ದಿನವೂ ಆಗಿರಲಿಲ್ಲ.

"ನಿಮ್ಮಮ್ಮ ಇದ್ದಿದ್ರೆ ಕೊಡ್ತಿದ್ಲೇನೇ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

"ನನಗಿಂತ ಮೊದ್ಲೇ ಕೊಡ್ತಿದ್ಲು" ಅಂದೆ.

ದೇವರ ಪೀಠದ ಮುಂದೆ ನಿಂತು ನಿನ್ನ ಪರವಾಗಿ ಹೇಳಿದ್ದೇನೆ ಅಮ್ಮಾ. ಇಲ್ಲ ಅನ್ನಬೇಡ.