ಪಾಯಿಂಟಿನ ಮೇಲಿನ ಕೆಂಪು

ಜನವರಿ 9, ಗುರುವಾರ
ವಡಗಾವಿ ಗ್ಯಾರೇಜ್. ಎರಡು ಸ್ಕೂಟರ್, ಒಂದು ಟೆಂಪೊ. ಆಮೇಲೆ ಫೋನು — ಪೀರನವಾಡಿಯ ಸತ್ಯಪ್ಪ ಸಾಹುಕಾರ. 2002ರಲ್ಲಿ ನನ್ನನ್ನು ಓಣಿಯ ಜನರೆದುರು ಚಪ್ಪಲಿಯಲ್ಲಿ ಹೊಡೆದು ಡ್ರೈವರ್ ಕೆಲಸದಿಂದ ಓಡಿಸಿದವನು. ಅಂದು ಅವನ ಮಗಳು ಅನುರಾಧಾಳ ನಿಶ್ಚಯಕ್ಕೆ ಖಾನಾಪುರಕ್ಕೆ ಹೊರಟಾಗ ಫಿಯಟ್ ಚಾಲೂ ಆಗಲಿಲ್ಲ. ಮುಹೂರ್ತ ತಪ್ಪಿತು, ಸಂಬಂಧ ಮುರಿಯಿತು. ಯಾರದೋ ಮಾತು ಕೇಳಿ ನಾನೇ ಕೆಡಿಸಿದೆನಂತೆ. ಅಪಶಕುನದ ಗಾಡಿ ಅಂತ ದೇಸೂರಿನ ಶೆಡ್ಡಿಗೆ ನೂಕಿಸಿದರು. ಆಮೇಲೆ ಯಾರೂ ಮುಟ್ಟಿಲ್ಲ.
ಈಗ ಅನುರಾಧಾಳ ಮಗಳ ನಿಶ್ಚಯ. ಅದೂ ಖಾನಾಪುರದಲ್ಲೇ. ಮುದುಕನಿಗೆ ಅದೇ ಗಾಡಿಯಲ್ಲಿ ಹೋಗುವ ಹಟ.
"ಭರಮ್ಯಾ, ಕೆಡಿಸಿದಾಂವ ನೀನ. ನೀನ ಚಾಲೂ ಮಾಡು."
ಆಗಲಿ ಅಂದೆ. ಬಿಲ್ ಬೇಡ. ಒಂದೇ ಶರತ್ತು — ಕೀಲಿ ತಿರುವುವಾಗ ಮನೆಮಂದಿಯೆಲ್ಲ ಎದುರಿಗಿರಬೇಕು. ಕೆಟ್ಟದ್ದೇನು ಅಂತ ಅವರೆದುರೇ ತೋರಿಸಬೇಕು. ಈ ಬಾಕಿ ರೊಕ್ಕದ್ದಲ್ಲ.

ಜನವರಿ 12, ರವಿವಾರ. ದೇಸೂರ
ಎಣ್ಣೆ ಬಿಟ್ಟು ಎಂಜಿನ್ ಸಡಿಲಿಸಿದೆ. ಟ್ಯಾಂಕ್ ತೊಳೆದೆ. ಹೊಸ ಬ್ಯಾಟರಿ. ತಿರುಗುತ್ತದೆ, ಹಿಡಿಯುವುದಿಲ್ಲ. ಪ್ಲಗ್ ಬಿಚ್ಚಿದೆ — ಕಿಡಿ ಇಲ್ಲ. ಕಾಯಿಲ್ ಬದಲಿಸಿದೆ. ಇಲ್ಲ. ಇಲಿ ಕಡಿದ ವೈರ್ ಬದಲಿಸಿದೆ. ಇಲ್ಲ. ಗಾಡಿಯೂ ಸಾಹುಕಾರನ ಕಡೆಯೇ.

ಅದೇ ದಿನ, ಸಂಜೆ
ಪ್ಲಗ್ಗಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಪಾಯಿಂಟಿನ ಎರಡು ತುದಿ ತಾಕಿ ಬಿಟ್ಟರೆ ಕಿಡಿ. ಅಲ್ಲಿ ತುಕ್ಕು ಇರಬೇಕಿತ್ತು. ಇದ್ದದ್ದು ಕೆಂಪು. ಮಿರಿಮಿರಿ ಮಿಂಚುವ ಕೆಂಪು. ಕೆರೆದರೆ ಸಿಪ್ಪೆಯಂತೆ ಎದ್ದಿತು.
ನೇಲ್ ಪಾಲಿಶ್.
ಡ್ರೈವಿಂಗ್ ಕಲಿಸುವಾಗ ಇದನ್ನು ಬಿಚ್ಚಿ ತೋರಿಸಿದ್ದು ಒಬ್ಬಳಿಗೇ — ಅನುರಾಧಾಳಿಗೆ. "ಇವೆರಡರ ನಡುವ ಏನರ ಬಂದ್ರ ಗಾಡಿ ಸತ್ತಂಗ, ಅಕ್ಕಾರ."
ಜಾಣೆ. ಒಂದು ಹನಿಯಲ್ಲಿ ಬೇಡದ ವರನನ್ನು ತಪ್ಪಿಸಿಕೊಂಡಳು. ಚಪ್ಪಲಿ ನನಗೆ ಬಿತ್ತು. ಕಿಟಕಿಯಲ್ಲಿ ನಿಂತು ನೋಡಿದಳು...
ಕೆರೆದದ್ದು ಒಂದು ಮೂಲೆ ಮಾತ್ರ. ಉಳಿದದ್ದು ಇರಲಿ. ಮುಚ್ಚಳ ಹಾಕಿದೆ.

ಜನವರಿ 19, ರವಿವಾರ
ಗಾಡಿಯನ್ನು ಹಗ್ಗ ಕಟ್ಟಿ ಪೀರನವಾಡಿಗೆ ಎಳೆಸಿದೆ. ನಿಶ್ಚಯಕ್ಕೆ ಹೊರಟು ನಿಂತವರು, ಅಂಗಳ ತುಂಬ ಜನ. ಸಾಹುಕಾರನೇ ಕೀಲಿ ತಿರುವಿದ. ಹಿಡಿಯಲಿಲ್ಲ.
"ಮತ್ತ ಅದ ಆಟ ಹೂಡಿದೇನಲೇ?"
ಮುಚ್ಚಳ ತೆಗೆದೆ. ಥಿನ್ನರ್ ಅದ್ದಿದ ಬಟ್ಟೆ ಚಾಚಿದೆ. "ಬರ್ರಿ ಅಕ್ಕಾರ. ನೀವ ಹಚ್ಚಿದ ಬಣ್ಣ, ನಿಮ್ಮ ಕೈಲೇ ಒರಸ್ರಿ. ಚಾಲೂ ಆಗ್ತೈತಿ."
ಮುದುಕ ಬಗ್ಗಿದ. ಕೆಂಪು ನೋಡಿದ. ಮಗಳನ್ನು ನೋಡಿದ. ಈ ಮುಖಕ್ಕಾಗಿಯೇ ಕಾದಿದ್ದೆ. ಕಣ್ತುಂಬ ನೋಡಿದೆ.
ಅನುರಾಧಾ ಅಳಲಿಲ್ಲ. ಬಟ್ಟೆಯನ್ನೂ ಮುಟ್ಟಲಿಲ್ಲ. ತಲೆ ತಗ್ಗಿಸಿ ನಿಂತಿದ್ದ ಮಗಳ ಕಡೆ ತಿರುಗಿದಳು.
"ಖಾನಾಪುರದ ಹುಡುಗ ನಿನಗ ಒಪ್ಪಿಗಿ ಅದಾನೇನವಾ? ಖರೇ ಹೇಳು. ಇಲ್ಲಂದ್ರ ನಾ ಒರಸೂದಿಲ್ಲ."
ಬಟ್ಟೆ ಹಿಡಿದ ನನ್ನ ಕೈ ಚಾಚಿದಂತೆಯೇ ಇತ್ತು. ಹುಡುಗಿ ತಲೆ ಎತ್ತಿ ನನ್ನನ್ನೇ ನೋಡಿ, "ಆ ಬಣ್ಣ ಹಂಗ ಇರ್ಲಿ, ಮುಚ್ಚಳ ಹಾಕ್ರಿ" ಅಂದಳು.