ಅಂಗಡಿಯ ಹೆಸರಲ್ಲಿ ಆಟಕ್ಕೆ ಬೈದದ್ದು

ಸ್ನೇಹಲ,

ಅಕ್ಕಲಕೋಟೆಗೆ ಹೊರಟಿದ್ದೇನೆ. ಇವತ್ತು ಅಂಗಡಿ ತೆಗೆಯಬೇಡ.

ಜಗತ್ತು ಹಾಳಾದ ಮೇಲಿನ ಕಥೆಯ ಆ ಕಂಪ್ಯೂಟರ್ ಆಟಕ್ಕೆ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಹೊಸ ಭಾಗ ಬಂತಲ್ಲ, ಅದು ಸೀರೆಯ ಬ್ಲೌಸ್ ಪೀಸ್ ಕತ್ತರಿಸಿ ಬೇರೆ ಮಾರಿದ ಹಾಗಿದೆ ಎಂದು ನಮ್ಮ ಸೀರೆ ಅಂಗಡಿಯ ಅಕೌಂಟಿನಿಂದಲೇ ನೆಟ್‌ನಲ್ಲಿ ಬರೆಯಬೇಕಿತ್ತೇ? ಅದರಲ್ಲಿ ವಿಳಾಸ, ಫೋನ್ ನಂಬರ್ ಎಲ್ಲ ಇದೆ, ಬುದ್ಧಿಗೇಡಿ!

ಬೆಳಿಗ್ಗೆ ಒಬ್ಬ ಫೋನ್ ಮಾಡಿ, "ಆಟಕ್ಕ ಬೈದಾಕಿ ಅದಾಳೇನು? ಅಂಗಡಿಗೇ ಬರ್ತೀವಿ" ಅಂದ.

"ಬಾರಪಾ, ನಿಮ್ಮವ್ವನ್ನೂ ಕರ್ಕೊಂಡು ಬಾ" ಅಂದೆ. ಫೋನ್ ಇಟ್ಟವಳೇ ಅಂಗಡಿಯ ಬೀಗ ಇನ್ನೊಮ್ಮೆ ಎಳೆದು ನೋಡಿದೆ.

ಅದನ್ನು ಮೊದಲು ಅಳಿಸು. ಬೇಕಿದ್ದರೆ ಅಂಗಡಿಯ ಹೆಸರಿಲ್ಲದೆ ಮತ್ತೆ ಬರೆ, ಹೇಳಿದ್ದು ಸರಿಯಾಗಿಯೇ ಇದೆ.

ಚಪಾತಿ ಡಬ್ಬಿಯಲ್ಲಿದೆ. ಯಾರು ಬಡಿದರೂ ಬಾಗಿಲು ತೆಗೆಯಬೇಡ. ಬಸ್ಸಿನಿಂದ ನಿನ್ನ ಮೊಬೈಲಿಗೆ ಫೋನ್ ಮಾಡುತ್ತೇನೆ. ಎತ್ತದಿದ್ದರೆ ದಾರಿಯಲ್ಲಿ ಸಿಗುವ ವಳಸಂಗದಲ್ಲೇ ಇಳಿದು ವಾಪಸ್ ಬರುತ್ತೇನೆ.

ಅವ್ವ